ಬ್ಯಾಕಪ್ ಇತ್ತು, ವಾಪಸ್ ತರುವಾಗಲೇ ಹೋಯಿತು

ಬ್ಯಾಕಪ್ ಇದೆ ಅಂತ ನೆಮ್ಮದಿಯಾಗಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬ್ಯಾಕಪ್ ಇಲ್ಲದವರಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಹತ್ತಿರ ಒಂದಲ್ಲ, ಎರಡು ಬ್ಯಾಕಪ್ ಇತ್ತು. ಒಂದು ಮೇಜಿನ ಮೇಲೆ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಕ್ಲೌಡಿನಲ್ಲಿ. ಆದರೂ ಸಿಡಿಲಿನಿಂದ ಹೋದದ್ದಕ್ಕಿಂತ ಜಾಸ್ತಿ, ಫೈಲು ವಾಪಸ್ ತರುತ್ತೇನೆ ಅಂತ ನಾನು ಕೂತ ಆ ಕೆಲವು ದಿನಗಳಲ್ಲಿ ಹೋಯಿತು.

ನನ್ನದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಒಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಶಾಲೆಯ ಸ್ಮರಣ ಸಂಚಿಕೆ, ಹೀಗೆ. ಜೊತೆಗೆ ಹಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಏರಿಸಿ ಕೊಡುವ ಕೆಲಸವನ್ನೂ ಮಾಡುತ್ತೇನೆ. ನಮ್ಮ ಕಡೆ ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ಮನೆಮನೆಯ ಚಾವಡಿಯಲ್ಲಿ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ, ನಡೆಯುತ್ತಿತ್ತು. ಅದನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟವರು ಎಷ್ಟೋ ಜನ. ಈಗ ಆ ಕ್ಯಾಸೆಟ್‌ಗಳು ಕಪಾಟಿನಲ್ಲಿ ಬೂಸ್ಟು ಹಿಡಿದು ಕೂತಿವೆ. ಒಂದು ಸಲ ಓಡಿಸುವಾಗಲೇ ಟೇಪ್ ತುಂಡಾಗುವಂಥವೂ ಇವೆ. ಅಂದರೆ ನಾನು ಏರಿಸಿದ ಫೈಲೇ ಆಮೇಲೆ ಅದರ ಮೂಲಪ್ರತಿ. ಇದು ಗೊತ್ತಿದ್ದೇ ನಾನು ದುಡ್ಡು ಕೊಟ್ಟು ಕ್ಲೌಡಿನಲ್ಲಿ 200 ಜಿಬಿ ಜಾಗ ತೆಗೆದುಕೊಂಡದ್ದು.

ಕಳೆದ ವರ್ಷ ಅಕ್ಟೋಬರಿನ ಒಂದು ಸಂಜೆ ಸಿಡಿಲು ಬಡಿಯಿತು. ಹಿಂಗಾರಿನ ಗುಡುಗು ನಮಗೆ ಹೊಸತಲ್ಲ, ಮೋಡ ಕಂಡ ಕೂಡಲೇ ಪ್ಲಗ್ ತೆಗೆಯುವ ಅಭ್ಯಾಸವೂ ಉಂಟು. ಆ ದಿನ ಬ್ಯಾಂಕಿಗೆ ಹೋಗಿದ್ದೆ, ಬರುವಾಗ ತಡವಾಯಿತು. ಕಂಪ್ಯೂಟರ್, ಮೋಡೆಮ್ ಎರಡೂ ಸುಟ್ಟುಹೋಗಿದ್ದವು. ಯುಎಸ್‌ಬಿಯಲ್ಲಿ ಯಾವಾಗಲೂ ಸಿಕ್ಕಿಸಿಯೇ ಇಟ್ಟಿದ್ದ ಹೊರಗಿನ ಡಿಸ್ಕ್ ಅದೃಷ್ಟಕ್ಕೆ ಉಳಿಯಿತು. ನಿಜವಾಗಿ ಅದೂ ಹೋಗಬೇಕಿತ್ತು. ಬ್ಯಾಕಪ್ ಆದ ಕೂಡಲೇ ಡಿಸ್ಕನ್ನು ಕಳಚಿ ಬೇರೆ ಕೋಣೆಯಲ್ಲಿಡಿ. ಸಿಕ್ಕಿಸಿಯೇ ಇಟ್ಟ ಡಿಸ್ಕಿಗೆ ಸಿಡಿಲೂ ತಲುಪುತ್ತದೆ, ವೈರಸ್ಸೂ ತಲುಪುತ್ತದೆ.

ಮೂರನೇ ದಿನ ಹೊಸ ಕಂಪ್ಯೂಟರ್ ಬಂತು. ಇಲ್ಲಿಂದ ಮುಂದಿನದ್ದನ್ನು ಸ್ವಲ್ಪ ನಿಧಾನವಾಗಿ ಓದಿ.

ಒಂದು ಸಿ-90 ಕ್ಯಾಸೆಟ್ಟನ್ನು (ಎರಡು ಬದಿ ಸೇರಿ 90 ನಿಮಿಷ) ಸಿಡಿ ಗುಣಮಟ್ಟದಲ್ಲಿ ಏರಿಸಿದರೆ ಸುಮಾರು 950 ಎಂಬಿ ಆಗುತ್ತದೆ. ನನ್ನ ಹತ್ತಿರ 200 ಹತ್ತಿರ ಹತ್ತಿರ ಕ್ಯಾಸೆಟ್ ಇತ್ತು, ಒಟ್ಟು 190 ಜಿಬಿ. ಸೆಕೆಂಡಿಗೆ 20 ಮೆಗಾಬಿಟ್ ಸಿಗುವ ಸಂಪರ್ಕದಲ್ಲಿ ಅಷ್ಟನ್ನು ಇಳಿಸಲು ಲೆಕ್ಕಪ್ರಕಾರ 21 ಗಂಟೆ ಸಾಕು. ನನಗೆ ಹಿಡಿದದ್ದು ಒಂಬತ್ತು ದಿನ. ಕರೆಂಟು ಹೋಗುತ್ತದೆ, ಲೈನ್ ಕಟ್ಟಾಗುತ್ತದೆ, ಅರ್ಧ ಇಳಿದದ್ದು ಪುನಃ ಮೊದಲಿನಿಂದ ಶುರುವಾಗುತ್ತದೆ. ಹಾಕುವಾಗ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ದಿನಕ್ಕೆ ಒಂದೊಂದೇ ಫೈಲು ಸದ್ದಿಲ್ಲದೆ ಹೋಗಿ ಕೂರುತ್ತದೆ. ತೆಗೆಯುವಾಗ ಎಲ್ಲವೂ ಒಟ್ಟಿಗೆ ಬೇಕು.

ಅದಕ್ಕೇ ನಾನು ಅವಸರ ಮಾಡಿದೆ. ಹೊಸ ಕಂಪ್ಯೂಟರಿನಲ್ಲಿ ಕ್ಲೌಡಿನ ಸಿಂಕ್ ಆ್ಯಪ್, ಅಂದರೆ ಕಂಪ್ಯೂಟರಿನ ಫೋಲ್ಡರನ್ನೂ ಕ್ಲೌಡನ್ನೂ ಒಂದೇ ಥರ ಇಡುವ ಆ್ಯಪ್, ಹಾಕಿದೆ. ಮೊದಲಿದ್ದ ಹೆಸರಿನ ಫೋಲ್ಡರನ್ನೇ ತೋರಿಸಿದೆ. ಅದು ನಿಧಾನವಾಗಿ ಇಳಿಸಲು ಶುರು ಮಾಡಿತು. ಮೊದಲು ಸಣ್ಣ ಸಣ್ಣ ಪಠ್ಯದ ಫೈಲುಗಳು ಬಂದವು, ಆಡಿಯೋ ತೆವಳುತ್ತಿತ್ತು. ಹೇಗೂ ಮೇಜಿನ ಮೇಲೆ ಡಿಸ್ಕ್ ಇದೆಯಲ್ಲ, ಅದರಿಂದ ಹಾಕಿದರೆ ಬೇಗ ಆಗುತ್ತದೆ ಅಂದುಕೊಂಡು ಬ್ಯಾಕಪ್ ತಂತ್ರಾಂಶ ತೆರೆದು, ಮೊದಲಿದ್ದ ಜಾಗಕ್ಕೇ ರಿಸ್ಟೋರ್ ಮಾಡು ಅಂತ ಕೊಟ್ಟೆ. ಅದೇ ಹೆಸರಿನ ಫೈಲುಗಳು ಇವೆ, ಬದಲಿಸಬೇಕೇ ಅಂತ ಕೇಳಿತು. ಎಲ್ಲವನ್ನೂ ಬದಲಿಸು ಅಂತ ಒತ್ತಿದೆ.

ಡಿಸ್ಕಿನಲ್ಲಿದ್ದದ್ದು ಮೇ ತಿಂಗಳ ಪ್ರತಿ. ಕ್ಲೌಡಿನಿಂದ ಇಳಿದಿದ್ದದ್ದು ಅಕ್ಟೋಬರಿನದ್ದು. ಹಳೆಯದು ಹೊಸದರ ಮೇಲೆ ಕೂತಿತು. ಸಿಂಕ್ ಆ್ಯಪಿಗೆ ಯಾವುದು ಹಳತು ಯಾವುದು ಹೊಸತು ಅಂತ ಎಂತ ಗೊತ್ತು? ಫೋಲ್ಡರಿನಲ್ಲಿ ಫೈಲು ಬದಲಾಯಿತು, ಅಷ್ಟೇ ಅದು ನೋಡಿದ್ದು. ಬದಲಾದದ್ದನ್ನು ಮೇಲೆ ಕಳಿಸಿತು. ಹೀಗೆ ಕ್ಲೌಡಿನಲ್ಲಿ ಸರಿಯಾಗಿ ಇದ್ದದ್ದೂ ಹಳತಾಯಿತು. ಪರದೆಯ ಮೂಲೆಯಲ್ಲಿ ಎಲ್ಲವೂ ಅಪ್‌ಡೇಟ್ ಆಗಿದೆ ಅಂತ ಹಸಿರು ಗುರುತು ಇತ್ತು.

ಡಿಸ್ಕಿನಲ್ಲಿ ಮೇ ತಿಂಗಳದ್ದು ಯಾಕೆ ಇತ್ತು ಅನ್ನುವುದು ಬೇರೆ ಕಥೆ, ಅದೂ ತಿಳಿದಿರಬೇಕಾದ್ದು. ನನ್ನ ತಂತ್ರಾಂಶ ಜನವರಿಯಲ್ಲಿ ಒಮ್ಮೆ ಪೂರ್ತಿ ಪ್ರತಿ ತೆಗೆದಿತ್ತು. ಆಮೇಲೆ ವಾರವಾರ ಬದಲಾದದ್ದನ್ನು ಮಾತ್ರ ಸೇರಿಸುತ್ತಾ ಬಂದಿತ್ತು. ಇದರಿಂದ ಜಾಗ ಉಳಿಯುತ್ತದೆ, ಆದರೆ ಸರಪಳಿಯ ಹಾಗೆ ಒಂದಕ್ಕೊಂದು ಕೊಂಡಿ. ಮೇ ಕೊನೆಯ ತುಂಡು ಡಿಸ್ಕಿನಲ್ಲಿ ಹಾಳಾಗಿತ್ತು. ಅದರ ನಂತರದ ಒಂದೂ ತೆರೆಯಲಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ಶನಿವಾರ ನನಗೆ ಕಂಡದ್ದು ಬ್ಯಾಕಪ್ ಯಶಸ್ವಿ ಅನ್ನುವ ಮಾತು ಮಾತ್ರ. ತುಂಡುಗಳನ್ನು ಬರೆದ ಮೇಲೆ ಓದಿ ಪರೀಕ್ಷಿಸುವ ಆಯ್ಕೆ ಅದರಲ್ಲೇ ಇತ್ತು. ಸಮಯ ಜಾಸ್ತಿ ಹಿಡಿಯುತ್ತದೆ ಅಂತ ನಾನು ಅದನ್ನು ಹಾಕಿರಲಿಲ್ಲ.

ದೊಡ್ಡ ದೊಡ್ಡ ಕಂಪೆನಿಗಳಿಗೂ ಹೀಗೆ ಆಗಿದೆ. 2017ರ ಜನವರಿ 31ರಂದು, ತಂತ್ರಾಂಶ ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ಅನ್ನುವ ಕಂಪೆನಿಯಲ್ಲಿ, ಒಬ್ಬ ಇಂಜಿನಿಯರ್ ಬೇರೆ ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸಿನ ಫೋಲ್ಡರನ್ನೇ ಅಳಿಸಿದರು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ವ್ಯವಸ್ಥೆ ಒಂದಲ್ಲ, ಹಲವು ಇತ್ತು. ದಿನಾ ಆಗಬೇಕಾಗಿದ್ದ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ಸುಮ್ಮನೆ ವಿಫಲವಾಗುತ್ತಿತ್ತು, ಅದು ವಿಫಲವಾಯಿತು ಅಂತ ಹೇಳುವ ಇಮೇಲೂ ತಲುಪುತ್ತಿರಲಿಲ್ಲ. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆ ಕೈಯಾರೆ ತೆಗೆದಿಟ್ಟ ಒಂದು ಪ್ರತಿ ಅವರನ್ನು ಉಳಿಸಿತು. ಇದನ್ನೆಲ್ಲ ಅವರೇ ಮುಚ್ಚುಮರೆ ಇಲ್ಲದೆ ಬರೆದು ಹಾಕಿದ್ದಾರೆ. ಸಿಡಿಲಿಗೆ ಮೊದಲು ನಾನು ಅದನ್ನು ಓದಿದ್ದರೆ ಆಗುತ್ತಿತ್ತು.

ನನಗೆ ಆದ ತಪ್ಪು ಗೊತ್ತಾದದ್ದು ಡಿಸೆಂಬರಿನಲ್ಲಿ. ನಮ್ಮ ಊರಿನ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮಾಷ್ಟ್ರು ಒಬ್ಬರು ಮೂರು ವರ್ಷದಿಂದ ಊರಿನ ಜಾಗಗಳ ಹೆಸರು ಬರೆಸುತ್ತಿದ್ದಾರೆ. ಯಾವ ಗದ್ದೆಗೆ ಎಂತ ಹೆಸರು, ಯಾವುದು ಅಡ್ಕ, ಯಾವುದು ಮೂಲೆ, ಯಾವುದು ಕುಮೇರಿ. ಹುಲ್ಲು ಮಾತ್ರ ಬೆಳೆಯುವ ಮುರಕಲ್ಲಿನ ಬಯಲು ಅಡ್ಕ, ಕಾಡು ಕಡಿದು ಸುಟ್ಟು ಬೇಸಾಯ ಮಾಡಿದ ಜಾಗ ಕುಮೇರಿ, ಇದನ್ನೆಲ್ಲ ಹೇಳುವವರು ಈಗ ಎಷ್ಟು ಜನ ಇದ್ದಾರೆ? ಬಸ್ಸಿನ ಬೋರ್ಡಿನಲ್ಲಿ, ಕಚೇರಿಯ ಕಾಗದದಲ್ಲಿ ಹೆಸರುಗಳು ಮಲಯಾಳಕ್ಕೆ ಹೊಂದುವ ಹಾಗೆ ಮೆಲ್ಲ ಬದಲಾಗುತ್ತಿವೆ. ಮಂಜೇಶ್ವರ ಮಂಜೇಶ್ವರಂ ಆದದ್ದು ಎಲ್ಲರಿಗೂ ಗೊತ್ತು. ಆದರೆ ಒಂದು ಗದ್ದೆಯ ಹೆಸರು ಹೋದರೆ ಕೇಳುವವರಿಲ್ಲ. ಆಟಿ, ಸೋಣ (ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ) ಎರಡು ತಿಂಗಳು ಮಾಷ್ಟ್ರು ಮಧ್ಯಾಹ್ನ ಬಂದು ನನ್ನ ಪಕ್ಕ ಕೂತು, 60 ಪುಟ ತಿದ್ದಿಸಿದ್ದರು. ಅವರ ಕಣ್ಣಿಗೆ ಪರದೆ ಸರಿ ಕಾಣುವುದಿಲ್ಲ. ನಾನು ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು, ಮೇಜಿಗೆ ಬೆರಳಿನಿಂದ ಒಮ್ಮೆ ಬಡಿದರೆ ಅಲ್ಲಿ ತಪ್ಪಿದೆ ಅಂತ.

ಡಿಸೆಂಬರಿನಲ್ಲಿ ಪ್ರಿಂಟು ತೆಗೆದು ಓದಲು ಶುರು ಮಾಡಿದೆ. ಮೊದಲ ಪುಟದಲ್ಲೇ ಬೆರಳು ಬಡಿಯಿತು. ಎರಡನೇ ಸಾಲಿಗೆ ಪುನಃ. ‘ಇದನ್ನು ಆಗ ಸರಿ ಮಾಡಿದ್ದೆವಲ್ಲ?’ ಅಂದರು. ನನಗೆ ಒಂದೂ ಅರ್ಥ ಆಗಲಿಲ್ಲ. ಫೈಲು ತೆರೆದು ನೋಡಿದರೆ ಕೆಳಗೆ ನಾನು ಹಾಕುವ ತಾರೀಖು ಮೇ 18. ಬೆಂಗಳೂರಿನಲ್ಲಿರುವ ಅಳಿಯನಿಗೆ ಫೋನು ಮಾಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ. ‘ಮಾವ, ರಿಸ್ಟೋರ್ ಮಾಡುವಾಗ ಸಿಂಕ್ ಆನ್ ಇತ್ತಾ?’

ಕ್ಲೌಡಿನಲ್ಲಿ ಫೈಲಿನ ಹಳೆ ಆವೃತ್ತಿಗಳು ಸಿಗುತ್ತವೆ, ಆದರೆ ನಾನು ಇಟ್ಟಲ್ಲಿ 30 ದಿನ ಮಾತ್ರ. ಆಗಲೇ 50 ದಿನ ಕಳೆದಿತ್ತು. ನಿಮ್ಮ ಕ್ಲೌಡಿನಲ್ಲಿ ಈ ಅವಧಿ ಎಷ್ಟು, ಕಸದಬುಟ್ಟಿಯಲ್ಲಿ ಫೈಲು ಎಷ್ಟು ದಿನ ಇರುತ್ತದೆ, ಈಗಲೇ ನೋಡಿಕೊಳ್ಳಿ. ಸಿಂಕ್ ಅನ್ನುವುದು ಬ್ಯಾಕಪ್ ಅಲ್ಲ. ಅದು ಕನ್ನಡಿ. ಇಲ್ಲಿ ಕೆಡಿಸಿದರೆ ಅಲ್ಲೂ ಕೆಡುತ್ತದೆ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ.

ಕ್ಯಾಸೆಟ್ ವಿಷಯ ಇನ್ನೊಂದು. ಸಿಂಕ್ ನಿಧಾನ ಅಂತ ಆಡಿಯೋವನ್ನು ಬ್ರೌಸರಿನಿಂದಲೇ ಇಳಿಸಿದೆ. 2 ಜಿಬಿಯ ಜಿಪ್ ತುಂಡುಗಳಾಗಿ ಬಂತು, ಸುಮಾರು 100 ತುಂಡು. ಬಿಚ್ಚುವಾಗ ಎರಡರಲ್ಲಿ ಏನೋ ದೋಷ ಅಂತ ತೋರಿಸಿತು. ಫೋಲ್ಡರಿನಲ್ಲಿ ಫೈಲುಗಳ ಹೆಸರು ಎಲ್ಲಾ ಕಂಡದ್ದರಿಂದ ಸರಿ ಇದೆ ಅಂದುಕೊಂಡೆ. ಅಷ್ಟರಲ್ಲಿ ಕ್ಲೌಡಿನ ಜಾಗ ತುಂಬಿತು, ಯಾಕೆಂದರೆ ಬಿಚ್ಚಿದ್ದನ್ನೆಲ್ಲ ಸಿಂಕ್ ಪುನಃ ಮೇಲೆ ಕಳಿಸುತ್ತಿತ್ತು. ಜಾಗ ಮಾಡಲು ಅಲ್ಲಿದ್ದ ಹಳೆ ಫೋಲ್ಡರ್ ಅಳಿಸಿದೆ. ಸರಿ ಇದ್ದ ಒಂದೇ ಪ್ರತಿ ಅದು.

ಜನವರಿಯಲ್ಲಿ ಒಂದು ರಾತ್ರಿ, ಇಳಿಸಿ ಬಿಚ್ಚಿದ್ದ ಆಡಿಯೋಗಳಲ್ಲಿ ಒಂದನ್ನು ಹಾಕಿದೆ. ಕರ್ಣ ಮತ್ತು ಶಲ್ಯರ ಸಂವಾದ. ಮದ್ದಳೆ ನಿಂತು, ಹಂಚಿನ ಮೇಲೆ ಜಡಿಮಳೆಯ ಸದ್ದು, ಹಿಂದೆ ಯಾರೋ ಕೆಮ್ಮಿದ್ದು, ಲೋಟ ಇಟ್ಟ ಸದ್ದು. ಕರ್ಣನ ಅರ್ಥ (ಪಾತ್ರದ ಮಾತು) ಹೇಳುವವರು ಗಂಟಲು ಸರಿಮಾಡಿಕೊಂಡು ಉತ್ತರ ಕೊಡಲು ಶುರು ಮಾಡಿದರು. ಮಾತಿನ ನಡುವೆಯೇ ಕಡಿಯಿತು. ಪ್ಲೇಯರಿನಲ್ಲಿ 45 ನಿಮಿಷ ಅಂತಲೇ ಇದೆ, ಧ್ವನಿ ಇರುವುದು 31ನೇ ನಿಮಿಷದವರೆಗೆ. ಡಬ್ಲ್ಯುಎವಿ (.wav) ಅನ್ನುವ ಆಡಿಯೋ ಫೈಲಿನ ತಲೆಭಾಗದಲ್ಲಿ ಎಷ್ಟು ಉದ್ದ ಅಂತ ಮೊದಲೇ ಬರೆದಿರುತ್ತದೆ, ಬಾಲ ತುಂಡಾದರೂ ತಲೆ ಹೇಳುವ ಲೆಕ್ಕ ಬದಲಾಗುವುದಿಲ್ಲ. ಹೀಗೆ ನಾಲ್ಕು ಕ್ಯಾಸೆಟ್ ಅರ್ಧವಾಗಿವೆ. ನಾಲ್ಕೂ ಮಳೆಗಾಲದಲ್ಲಿ ಏರಿಸಿದವು, ಹಾಗಾಗಿ ಡಿಸ್ಕಿನ ಮೇ ತಿಂಗಳ ಪ್ರತಿಯಲ್ಲಿ ಇಲ್ಲ. ಕ್ಯಾಸೆಟ್ಟಿನ ಟೇಪು ಏರಿಸುವಾಗಲೇ ಹರಿದಿತ್ತು. ತಂದವರಿಗೆ ಕೊಟ್ಟ ಪೆನ್‌ಡ್ರೈವ್ ಮಕ್ಕಳ ಕೈಗೆ ಸಿಕ್ಕಿ ಫಾರ್ಮ್ಯಾಟ್ ಆಗಿದೆ.

ನಿಮಗೆ ನಾಳೆ ಇಂಥ ದಿನ ಬಂದರೆ ದಯವಿಟ್ಟು ಮೊದಲು ಇಂಟರ್ನೆಟ್ ಕಳಚಿಡಿ. ಸಿಂಕ್ ಆ್ಯಪ್ ಹಾಕಲೇಬೇಡಿ. ಹೊಸ ಡಿಸ್ಕಿನಲ್ಲಿ ಖಾಲಿ ಫೋಲ್ಡರ್ ಮಾಡಿ, ಮನೆಯ ಡಿಸ್ಕಿನದ್ದನ್ನು ಒಂದು ಕಡೆಗೆ ತನ್ನಿ, ಆಮೇಲೆ ಇಂಟರ್ನೆಟ್ ಹಾಕಿ ಬ್ರೌಸರಿನಿಂದ ಕ್ಲೌಡಿನದ್ದನ್ನು ಇನ್ನೊಂದು ಕಡೆಗೆ ತನ್ನಿ. ಮೊದಲಿದ್ದ ಜಾಗಕ್ಕೇ ರಿಸ್ಟೋರ್ ಅನ್ನುವ ಆಯ್ಕೆಯನ್ನು ಮುಟ್ಟಬೇಡಿ, ಎಲ್ಲವನ್ನೂ ಬದಲಿಸು ಅನ್ನುವುದನ್ನು ಒತ್ತಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಫೈಲು ತೆರೆದು, ಯಾವುದು ಹೊಸತು ಅಂತ ನೋಡಿ. ತಾರೀಖನ್ನು ಮಾತ್ರ ನಂಬಬೇಡಿ, ನನ್ನಲ್ಲಿ ಎಷ್ಟೋ ಫೈಲುಗಳಿಗೆ ಇಳಿಸಿದ ದಿನದ ತಾರೀಖೇ ಬಂದಿತ್ತು. ಜಿಪ್ ತುಂಡು ಬಿಚ್ಚುವ ಮೊದಲು 7-ಜಿಪ್ ಅನ್ನುವ ತಂತ್ರಾಂಶದಲ್ಲಿ ಟೆಸ್ಟ್ ಅಂತ ಇದೆ, ಅದನ್ನು ಒತ್ತಿ ನೋಡಿ, ಹಾಳಾದ ತುಂಡು ಅಲ್ಲೇ ಗೊತ್ತಾಗುತ್ತದೆ. ಆಡಿಯೋ ಆದರೆ ಕೊನೆಯ ಒಂದು ನಿಮಿಷ ಕೇಳಿ. ಇಷ್ಟೆಲ್ಲ ಆಗಿ ಎರಡು ಮೂರು ತಿಂಗಳು ಕಳೆಯುವವರೆಗೆ ಮನೆಯ ಡಿಸ್ಕಿನಿಂದಾಗಲಿ ಕ್ಲೌಡಿನಿಂದಾಗಲಿ ಒಂದನ್ನೂ ಅಳಿಸಬೇಡಿ. ಜಾಗ ಸಾಲದಿದ್ದರೆ ಒಂದು ತಿಂಗಳಿಗೆ ಜಾಸ್ತಿ ಜಾಗ ತೆಗೆದುಕೊಳ್ಳಿ, ಆ ದುಡ್ಡು ಏನೂ ಅಲ್ಲ.

ಡಿಟಿಪಿ ಮಾಡುವವರಿಗೆ ಇನ್ನೊಂದು. ಫಾಂಟುಗಳನ್ನೂ ಬ್ಯಾಕಪ್ ಮಾಡಿ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ನನ್ನ ಹಳೆ ಸಂಚಿಕೆಗಳು ಹೊಸ ಕಂಪ್ಯೂಟರಿನಲ್ಲಿ ಕನ್ನಡವೇ ಅಲ್ಲದ ಅಕ್ಷರಗಳಾಗಿ ತೆರೆದುಕೊಂಡವು. ಫಾಂಟು ಹಾಕಿದ ಮೇಲೆ ಸರಿಯಾಯಿತು, ಆದರೆ ದುಡ್ಡು ಕೊಟ್ಟು ತೆಗೆದಿದ್ದ ಎರಡು ಫಾಂಟು ಇನ್ನೂ ಸಿಕ್ಕಿಲ್ಲ.

ಈಗ ನಾನು ವರ್ಷಕ್ಕೆ ಎರಡು ಸಲ, ಪತ್ತನಾಜೆಗೆ ಮತ್ತು ದೀಪಾವಳಿಗೆ, ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಬ್ಯಾಕಪ್ಪಿನಿಂದ ಫೈಲು ತೆಗೆದು ನೋಡುವುದು ಅಂತ ಇಟ್ಟುಕೊಂಡಿದ್ದೇನೆ. ಈ ಪತ್ತನಾಜೆಗೆ ನೋಡಿದೆ, ಒಂದು ಫೋಲ್ಡರ್ ಪುನಃ ಬಿಟ್ಟುಹೋಗಿತ್ತು. ಸರಿ ಮಾಡಿದೆ.

ಮಾಷ್ಟ್ರಿಗೆ ವಿಷಯ ಹೇಳಲು ನನಗೆ ಒಂದು ವಾರ ಬೇಕಾಯಿತು. ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ, ‘ಎಂತ ಮಾಡುದು ಮಾರಾಯ, ನಾನು ಉಂಟಲ್ಲ ಇನ್ನೂ’ ಅಂದರು. ಈಗ ಭಾನುವಾರ ಬರುತ್ತಾರೆ. 60ರಲ್ಲಿ 22 ಪುಟ ಆಗಿದೆ. ಮೊದಲ ಸಲ ಹೇಳಿದ ಕೆಲವು ಹೆಸರು ಅವರಿಗೆ ಈಗ ನೆನಪಾಗುತ್ತಿಲ್ಲ.

ಕಳೆದ ವರ್ಷ ಆಟಿ, ಸೋಣ ತಿಂಗಳಲ್ಲಿ ನನ್ನ ಅಂಗಡಿಯಿಂದ ಪೆನ್‌ಡ್ರೈವಿಗೋ ಮೊಬೈಲಿಗೋ ತಾಳಮದ್ದಳೆ ಹಾಕಿಸಿಕೊಂಡು ಹೋದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅದನ್ನು ಅಳಿಸಬೇಡಿ. ಕರ್ಣ–ಶಲ್ಯರ ಸಂವಾದ ಇದ್ದರೆ ಕೊನೆಯವರೆಗೆ ಇದೆಯಾ ಅಂತ ಒಮ್ಮೆ ಕೇಳಿ ನೋಡಿ, ತಿಳಿಸಿ. ಎಷ್ಟು ದೂರ ಆದರೂ ನಾನೇ ಡಿಸ್ಕ್ ಹಿಡಿದುಕೊಂಡು ಬರುತ್ತೇನೆ.