ಬಾಗಿಲಿಗೆ ಮೋಟಾರು, ಡಿಕ್ಕಿಗೆ ಕೇಬಲ್ಲು: ಹಳೆಯ ಆಲ್ಟೊದಲ್ಲಿ ಎರಡನ್ನೂ ಹಾಕಿಸಿ ನೋಡಿದ ಮೇಲೆ

ನನ್ನ ಕಾರು 2006ರ ಆಲ್ಟೊ, ಅದರಲ್ಲಿಯೂ ಎಲ್ಲಕ್ಕಿಂತ ಕೆಳಗಿನ ಮಾದರಿ. ವಾರಕ್ಕೊಮ್ಮೆ ತೋಟಕ್ಕೆ ಹೋಗುವಾಗ ಹಿಂದಿನ ಸೀಟಿನಲ್ಲಿ ಅಮ್ಮ ಕುಳಿತಿರುತ್ತಾರೆ, ಡಿಕ್ಕಿಯಲ್ಲಿ ಗೊಬ್ಬರದ ಚೀಲವೋ ಔಷಧಿ ಹೊಡೆಯುವ ಪಂಪೋ ಇರುತ್ತದೆ. ಅಮ್ಮನ ಕಡೆಯ ಬಾಗಿಲಿನ ಲಾಕನ್ನು ಚಾಲಕನ ಸೀಟಿನಿಂದ ಸೊಂಟ ತಿರುಚಿ ತೆಗೆಯುವುದು, ಆಮೇಲೆ ಇಗ್ನಿಷನ್ನಿನಿಂದ ಕೀಲಿ ಕಿತ್ತುಕೊಂಡು ಹಿಂದೆ ಹೋಗಿ ಡಿಕ್ಕಿ ತೆಗೆಯುವುದು, ಇವೆರಡೂ ಸಾಕಾಗಿದ್ದವು. ಎರಡಕ್ಕೂ ಪರಿಹಾರ ಹುಡುಕುವಾಗ ನಾನು ಮಾಡಿದ ತಪ್ಪು, ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಂಡದ್ದು. ಬಾಗಿಲಿಗೆ ವಿದ್ಯುತ್ ಮೋಟಾರು ಇರಲಿ, ಡಿಕ್ಕಿಗೆ ಮಾತ್ರ ಕೈಯಿಂದ ಎಳೆಯುವ ಕೇಬಲ್ಲೇ ಸರಿ ಎಂಬುದು ಈಗ ನನ್ನ ಅಭಿಪ್ರಾಯ, ಮುಂದಿನ ಮಾತೆಲ್ಲ ಆ ಕಡೆಗೇ ವಾಲಿರುತ್ತದೆ.

ನಾನು ಮೊದಲು ಹಾಕಿಸಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ, ಎಲ್ಲ ಬಾಗಿಲುಗಳನ್ನೂ ಒಟ್ಟಿಗೆ ಲಾಕ್ ಮಾಡಿ ತೆಗೆಯುವ ಸೆಂಟ್ರಲ್ ಲಾಕ್ ಕಿಟ್. ನಾಲ್ಕು ಬಾಗಿಲಿನ ಮೋಟಾರು, ಎರಡು ರಿಮೋಟು, ಡಿಕ್ಕಿಗೊಂದು ಎಳೆಯುವ ಮೋಟಾರು ಮತ್ತು ಅದರ ಸ್ವಿಚ್ಚು, ಎಲ್ಲ ಸೇರಿ 2,600 ರೂಪಾಯಿ. ಕೂರಿಸಿದ ಕೂಲಿ 900. ಎರಡನೆಯದು ಆ ಡಿಕ್ಕಿಯ ಮೋಟಾರನ್ನು ಕಿತ್ತುಹಾಕಿ, ಮೇಲಿನ ಮಾದರಿಯ ಆಲ್ಟೊಗಳಲ್ಲಿ ಚಾಲಕನ ಸೀಟಿನ ಪಕ್ಕ ನೆಲದ ಮೇಲೆ ಬರುವ ಲಿವರನ್ನು ಕೇಬಲ್ ಸಮೇತ ಗುಜರಿಯಿಂದ ತಂದು ಹಾಕಿಸಿದ್ದು.

ಬಾಗಿಲುಗಳ ವಿಷಯದಲ್ಲಿ ಕಿಟ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಚಾಲಕನ ಬಾಗಿಲಿನ ಮೋಟಾರಿಗೆ ಐದು ತಂತಿ, ಉಳಿದ ಮೂರಕ್ಕೆ ಎರಡೆರಡೇ ತಂತಿ. ಏಕೆಂದರೆ ಚಾಲಕನ ಕಡೆಯದು ತಾನು ಎಳೆಯುವುದಲ್ಲದೆ, ನಾವು ಕೈಯಿಂದ ಲಾಕ್ ಮಾಡಿದೆವೋ ತೆಗೆದೆವೋ ಎಂಬುದನ್ನು ಕಿಟ್ಟಿನ ನಿಯಂತ್ರಣ ಪೆಟ್ಟಿಗೆಗೆ ತಿಳಿಸುವ ಕೆಲಸವನ್ನೂ ಮಾಡುತ್ತದೆ. ಕೂರಿಸುವವನ ಕೈಗುಣವೆಲ್ಲ ಇರುವುದು ಮೋಟಾರಿನ ಸರಳು ಬಾಗಿಲಿನೊಳಗಿನ ಲಾಕಿನ ಸರಳಿಗೆ ನೇರವಾಗಿ, ಸಮಾನಾಂತರವಾಗಿ ಬರುವಂತೆ ಹಿಡಿಸುವುದರಲ್ಲಿ. ಸ್ವಲ್ಪ ಓರೆಯಾದರೂ ಮೋಟಾರಿನ ಅರ್ಧ ಬಲ ಸರಳನ್ನು ಬಗ್ಗಿಸುವುದಕ್ಕೇ ಖರ್ಚಾಗುತ್ತದೆ. ನನ್ನ ಹಿಂದಿನ ಎಡಬಾಗಿಲು ಮೊದಲ ದಿನವೇ ಹೀಗೆ ತಡವರಿಸಿದ್ದರಿಂದ ಅದನ್ನು ನಾನೇ ಬಿಚ್ಚಿದೆ. ಗಾಜು ಇಳಿಸುವ ಹಿಡಿಯ ಹಿಂದೆ ಒಂದು ಸಣ್ಣ ತಂತಿಯ ಕ್ಲಿಪ್ಪು ಅಡಗಿರುತ್ತದೆ. ಬಟ್ಟೆಯ ಚಿಂದಿಯೊಂದನ್ನು ಹಿಡಿಯ ಸುತ್ತ ತುರುಕಿ ಗರಗಸದಂತೆ ಆಚೀಚೆ ಎಳೆದರೆ ಅದು ಚಿಮ್ಮಿ ಹಾರುತ್ತದೆ, ಹಾರಿದ್ದನ್ನು ಹುಡುಕಲು ಕಾಲು ಗಂಟೆ ಬೇಕು. ಮೋಟಾರನ್ನು ಎರಡು ಬೆರಳಿನಷ್ಟು ಕೆಳಗಿಳಿಸಿ ಕೂರಿಸಿದ ಮೇಲೆ ತೊಂದರೆಯಾಗಿಲ್ಲ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಮರೆಯದೆ ಮತ್ತೆ ಅಂಟಿಸಬೇಕು, ಇಲ್ಲವಾದರೆ ಮಳೆಗಾಲದಲ್ಲಿ ಗಾಜಿನ ಸಂದಿಯಿಂದ ಇಳಿದ ನೀರು ಕಾಲಡಿಗೇ ಬರುತ್ತದೆ.

ನಿಜವಾದ ಕಾಟ ಡಿಕ್ಕಿಯದು. ಸ್ವಿಚ್ಚು ಒತ್ತಿದರೆ ಹಿಂದೆ ಟಕ್ ಎಂಬ ಸದ್ದು ಬರುತ್ತಿತ್ತು, ಹೋಗಿ ನೋಡಿದರೆ ಡಿಕ್ಕಿ ಮುಚ್ಚಿಯೇ ಇರುತ್ತಿತ್ತು. ಕೊಕ್ಕೆ ಬಿಡುತ್ತಿತ್ತು, ಆದರೆ ಬಾಗಿಲನ್ನು ಮೇಲಕ್ಕೆ ನೂಕುವ ಬಲ ಯಾವುದೂ ಇಲ್ಲದ್ದರಿಂದ ಅದು ಇದ್ದಲ್ಲಿಯೇ ಕುಳಿತು, ಮೋಟಾರು ಸಡಿಲವಾದೊಡನೆ ಕೊಕ್ಕೆ ಮತ್ತೆ ಕಚ್ಚಿಕೊಳ್ಳುತ್ತಿತ್ತು. ಹೊಸ ಕಾರಿನಲ್ಲಿ ಸುತ್ತಲಿನ ರಬ್ಬರ್ ಪಟ್ಟಿಯೇ ಈ ನೂಕುವ ಕೆಲಸ ಮಾಡುತ್ತದೆ. ಇಷ್ಟು ವರ್ಷದ ನನ್ನ ಪಟ್ಟಿ ಚಪ್ಪಟೆಯಾಗಿ ಹೋಗಿತ್ತು. ಅಂಗಡಿಯ ಹುಡುಗ ಬಾಗಿಲಿನ ಅಂಚಿನಲ್ಲಿದ್ದ ಎರಡು ರಬ್ಬರ್ ಗುಂಡಿಗಳನ್ನು ತಿರುಗಿಸಿ ಹೊರಕ್ಕೆ ಎಬ್ಬಿಸಿ, "ಈಗ ನೋಡಿ ಸಾರ್, ತಾನಾಗೇ ಏಳುತ್ತೆ" ಎಂದ. ಎದ್ದಿತು, ಅಂಗಡಿಯ ಮುಂದೆ.

ಗುಂಡಿಗಳನ್ನು ಎಬ್ಬಿಸಿದರೆ ಬಾಗಿಲು ಕೊಕ್ಕೆಯನ್ನು ಸದಾ ಮೇಲಕ್ಕೆ ಜಗ್ಗುತ್ತಿರುತ್ತದೆ, ಹಾಗೆ ಜಗ್ಗಿದಷ್ಟೂ ಕೊಕ್ಕೆ ಬಿಡಿಸುವುದಕ್ಕೆ ಹೆಚ್ಚು ಬಲ ಬೇಕಾಗುತ್ತದೆ. ಗುಂಡಿ ಇಳಿಸಿದರೆ ಮೋಟಾರು ಎಳೆಯುತ್ತದೆ, ಬಾಗಿಲು ಏಳುವುದಿಲ್ಲ. ಏರಿಸಿದರೆ ಬಾಗಿಲು ಏಳಲು ಸಿದ್ಧವಿರುತ್ತದೆ, ಮೋಟಾರಿಗೆ ಎಳೆಯಲಾಗುವುದಿಲ್ಲ. ಇವೆರಡರ ನಡುವೆ ಒಂದು ಸುತ್ತಿನ ಎಂಟನೆಯ ಒಂದು ಭಾಗದಷ್ಟು ಜಾಗದಲ್ಲಿ ಎಲ್ಲವೂ ಸರಿಯಿತ್ತು, ಆದರೆ ಅದು ಖಾಲಿ ಕಾರು ಸಮತಟ್ಟಾದ ನೆಲದಲ್ಲಿ ನಿಂತಿರುವಾಗ ಮಾತ್ರ. ನಮ್ಮ ಅಂಗಳ ಇಳಿಜಾರು. ಮೂತಿ ಮೇಲಾಗಿ ನಿಲ್ಲಿಸಿದರೆ ಒಳಗಿನ ಚೀಲಗಳು ಜಾರಿ ಡಿಕ್ಕಿಯ ಬಾಗಿಲಿಗೆ ಒರಗುತ್ತವೆ, ಆಗ ಸ್ವಿಚ್ಚು ಎಷ್ಟು ಒತ್ತಿದರೂ ಟಕ್ ಎನ್ನುವುದಷ್ಟೇ ಅದರ ಉತ್ತರ.

ಮೀಟರು ಹಿಡಿದು ನೋಡಿದಾಗ ಇನ್ನೊಂದು ಕಾರಣವೂ ಸಿಕ್ಕಿತು. ಬ್ಯಾಟರಿಯಲ್ಲಿ 12.4 ವೋಲ್ಟ್ ಇದ್ದದ್ದು, ಸ್ವಿಚ್ಚು ಒತ್ತಿದ ಕ್ಷಣದಲ್ಲಿ ಹಿಂದಿನ ಮೋಟಾರಿನ ಬಳಿ 9ಕ್ಕೆ ಇಳಿಯುತ್ತಿತ್ತು. ಕಿಟ್ಟಿನೊಡನೆ ಬಂದ ದಾರದಂಥ ತಂತಿಯಲ್ಲಿ ಡ್ಯಾಶ್‌ಬೋರ್ಡಿನಿಂದ ಹಿಂದಿನವರೆಗೆ ಅಷ್ಟು ಕರೆಂಟು ಹರಿಸಿದರೆ ಇನ್ನೇನಾಗುತ್ತದೆ? ದಪ್ಪ ತಂತಿ ಎಳೆದು, ಹಿಂದೆಯೇ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ ಮಾಡುವ ಸ್ವಿಚ್ಚು), ಮುಂದೆ ಒಂದು ಫ್ಯೂಸು ಹಾಕಿಸಿದೆ. ಅದಕ್ಕೆ ಮತ್ತೆ 450 ರೂಪಾಯಿ ಹೋಯಿತು. ಖಾಲಿ ಕಾರಿನಲ್ಲಿ ಹತ್ತಕ್ಕೆ ಹತ್ತು ಸಲವೂ ತೆರೆಯಿತು. ಚೀಲ ಒರಗಿದಾಗ ಮಾತ್ರ ಹಳೆಯ ಕಥೆಯೇ.

ಆಮೇಲೆ ಶಿವಾಜಿನಗರದ ಗುಜರಿಗೆ ಹೋದೆ. ಕೇಬಲ್ ಮತ್ತು ಲಿವರ್ ಮಾತ್ರ ಸಾಕೆಂದು ಕೇಳಿದ್ದಕ್ಕೆ ಅಂಗಡಿಯವರು, "ಕೇಬಲ್ ಒಂದೇ ತಗೊಂಡು ಏನ್ ಮಾಡ್ತೀರ ಸಾರ್, ಕೊಕ್ಕೆನೂ ಅದೇ ಗಾಡೀದು ತಗೊಳ್ಳಿ, ಎರಡೂ ಗಂಡ-ಹೆಂಡ್ತಿ ಇದ್ದಂಗೆ" ಎಂದರು. ಮಾರುವ ಮಾತೆಂದುಕೊಂಡಿದ್ದೆ, ಆದರೆ ನಿಜವಾಗಿತ್ತು. ನನ್ನ ಕಾರಿನ ಕೊಕ್ಕೆಯಲ್ಲಿ ಕೇಬಲ್ಲಿನ ತುದಿಯನ್ನು ಸಿಕ್ಕಿಸುವ ಜಾಗವೇ ಇರಲಿಲ್ಲ. ಮೂರೂ ಸೇರಿ 700, ಕೂಲಿ 600. ಬಲಬದಿಯ ಬಾಗಿಲುಗಳ ಕೆಳಗಿನ ಪಟ್ಟಿ ಬಿಚ್ಚಿ, ಕಾರ್ಪೆಟ್ಟಿನಡಿಯಲ್ಲಿ ಹಿಂದಿನವರೆಗೆ ಕೇಬಲ್ ಹಾಯಿಸುವಾಗ ಎಲ್ಲಿಯೂ ಚೂಪಾದ ತಿರುವು ಬರದಂತೆ ನೋಡಿಕೊಂಡರೆ ಸಾಕು, ಬೇರೆ ವಿದ್ಯೆ ಬೇಕಿಲ್ಲ. ಈಗ ರಬ್ಬರ್ ಗುಂಡಿಗಳನ್ನು ಧೈರ್ಯವಾಗಿ ಎಬ್ಬಿಸಿಟ್ಟಿದ್ದೇನೆ. ಚೀಲ ಒರಗಿದ್ದರೆ ಲಿವರ್ ಬಿಗಿಯಾಗಿರುತ್ತದೆ, ತೋಳು ಇನ್ನಷ್ಟು ಎಳೆಯುತ್ತದೆ, ಡಿಕ್ಕಿ ಬಿಡುತ್ತದೆ.

ಮೋಟಾರಿನ ಪರವಾಗಿ ಹೇಳಬಹುದಾದ ಒಂದು ಮಾತೆಂದರೆ, ಕಾರಿನ ಹೊರಗೆ ನಿಂತು ರಿಮೋಟಿನಲ್ಲಿಯೇ ಡಿಕ್ಕಿ ತೆರೆಯುವಂತೆ ಅದನ್ನು ಜೋಡಿಸಬಹುದು. ನಗರದಲ್ಲಿ ಅಪಾರ್ಟ್‌ಮೆಂಟಿನ ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಕೈಚೀಲವಷ್ಟನ್ನೇ ಇಡುವವರಿಗೆ ಅದು ಇಷ್ಟವಾದೀತು. ಅಂಥವರೂ ರಿಲೇ ಮತ್ತು ದಪ್ಪ ತಂತಿಯನ್ನು ಮೊದಲ ದಿನವೇ ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು. ಕಿಟ್ಟಿನ ಸೈರನ್ನನ್ನು ನಾನು ಜೋಡಿಸಲೇ ಇಲ್ಲ. ಡಿಕ್ಕಿಯ ಕೀಲಿಯ ಬೀಗವನ್ನು ಯಾರು ಏನೇ ಹೇಳಿದರೂ ತೆಗೆಸಲಿಲ್ಲ, ಕೇಬಲ್ ತುಂಡಾದರೆ ಉಳಿಯುವ ದಾರಿ ಅದೊಂದೇ.

ಮೊದಲೇ ಗೊತ್ತಿದ್ದರೆ ಬಾಗಿಲಿನ ಕಿಟ್ ಮಾತ್ರ ಕೊಂಡು, ಡಿಕ್ಕಿಯ ಮೋಟಾರಿಗೂ ರಿಲೇಗೂ ಕೊಟ್ಟ ಸಾವಿರ ರೂಪಾಯಿಯಷ್ಟನ್ನು ಉಳಿಸಿ, ಅದರಲ್ಲಿ ಹೊಸ ರಬ್ಬರ್ ಪಟ್ಟಿಯನ್ನೇ ಹಾಕಿಸಬಹುದಿತ್ತು. ಸ್ವಿಚ್ಚಿಗೆಂದು ಡ್ಯಾಶ್‌ಬೋರ್ಡಿನಲ್ಲಿ ಕೊರೆದ ತೂತು ಹಾಗೆಯೇ ಉಳಿದಿದೆ. ಹಿಂದಕ್ಕೆ ಎಳೆದ ಆ ದಪ್ಪ ತಂತಿ ವ್ಯರ್ಥವಾಗಬಾರದೆಂದು ಡಿಕ್ಕಿಯೊಳಗೆ ಒಂದು ಸಣ್ಣ ದೀಪ ಹಾಕಿಸಿ, ಅದರ ಸ್ವಿಚ್ಚನ್ನು ಅದೇ ತೂತಿನಲ್ಲಿ ಕೂರಿಸುವ ಯೋಚನೆಯಿದೆ.