ಬೈತಖೋಲ ದಾರಿಯ ಬೋಲ್ಟ್ ಅಂಗಡಿ: ದರ ಜಾಸ್ತಿ, ಆದರೂ ಅಲ್ಲಿಗೇ ಹೋಗಿ

ನಮ್ಮದು ಒಂದು ಫೈಬರ್ ಬೋಟ್. ಅಪ್ಪ ಸಮುದ್ರಕ್ಕೆ ಹೋಗುತ್ತಾರೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು, ಬೋಟಿನ ಸಾಮಾನು ತರುವ ಕೆಲಸ ನನ್ನದು. ಕಾರವಾರದಲ್ಲಿ ಬೈತಖೋಲ ಬಂದರಿಗೆ ಹೋಗುವ ದಾರಿಯಲ್ಲಿ ಈ ಸಣ್ಣ ನಟ್ಟು-ಬೋಲ್ಟಿನ ಅಂಗಡಿ ಇದೆ.

ಹೋದ ವರ್ಷ ದೇವಗಡ ದ್ವೀಪದ ಆಚೆ ನಮ್ಮ ಚುಕ್ಕಾಣಿಯ ಬ್ರಾಕೆಟ್ ಹಿಡಿದಿದ್ದ ಎರಡು ಬೋಲ್ಟ್ ಮುರಿದವು. ತೂತಿನಿಂದ ನೀರು ಒಳಗೆ ಬಂತು. ಅಪ್ಪ ಮತ್ತು ಇಬ್ಬರು ಬೆಳಗಿನವರೆಗೂ ನೀರು ಎತ್ತಿ ಹಾಕಿದರು. ಬೇರೆ ಊರಿನ ಅಂಗಡಿಯೊಂದರಲ್ಲಿ 316 ಸ್ಟೀಲ್, ಅಂದರೆ ಉಪ್ಪುನೀರಿಗೆ ಹೆಚ್ಚು ತಡೆಯುವ ಸ್ಟೇನ್‌ಲೆಸ್ ಸ್ಟೀಲ್ ಅಂತ ಹೇಳಿ ಕೊಟ್ಟ ಬೋಲ್ಟ್ ಅವು. ಮುರಿದ ತುಂಡನ್ನು ತಿರುಗಿಸಿ ನೋಡಿದೆ. ತಲೆ ಹೊಸದರ ಹಾಗೆ ಹೊಳೆಯುತ್ತಿತ್ತು. ವಾಷರ್ ಕೂತಿದ್ದ ಜಾಗದಲ್ಲಿ ಮಾತ್ರ ಗೆದ್ದಲು ತಿಂದ ಹಾಗೆ ಕಂದು ತೂತುಗಳು.

ಆ ತುಂಡನ್ನೇ ಈ ಅಂಗಡಿಗೆ ಒಯ್ದೆ. ಅಂಗಡಿಯ ಅಣ್ಣ ಬೋಲ್ಟಿನ ತಲೆಯನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದರು. ‘ಎ2 ಅಂತ ಇದೆ ನೋಡು ತಂಗಿ. ಇದು 304, ಸಾದಾ ಸ್ಟೇನ್‌ಲೆಸ್. 316 ಆದ್ರೆ ಎ4 ಅಂತ ಇರ್ತದೆ.’ ನಾನು ಅಯಸ್ಕಾಂತ ಹಿಡಿದು ನೋಡಿ ತಂದಿದ್ದೆ. ಅದು ಎರಡಕ್ಕೂ ಗಟ್ಟಿಯಾಗಿ ಅಂಟುವುದಿಲ್ಲ, ಅದರಿಂದ ಯಾವುದು ಅಂತ ಗೊತ್ತಾಗುವುದಿಲ್ಲ. 316ರಲ್ಲಿ ಶೇಕಡಾ 2-3 ಮಾಲಿಬ್ಡಿನಂ ಎಂಬ ಲೋಹ ಇರುತ್ತದೆ. ಉಪ್ಪುನೀರು ಸಂದಿಯಲ್ಲಿ ನಿಂತಾಗ 304ಕ್ಕಿಂತ ಹೆಚ್ಚು ತಡೆದುಕೊಳ್ಳುವುದು ಅದರಿಂದಲೇ.

ನನಗೆ ಟೈಟಾನಿಕ್ ನೆನಪಾಯಿತು. ಆ ಹಡಗಿನಲ್ಲಿ ಸುಮಾರು 30 ಲಕ್ಷ ರಿವೆಟ್, ಅಂದರೆ ತಗಡುಗಳನ್ನು ಜೋಡಿಸುವ ಮೊಳೆ ಇದ್ದವು. ನಡುಭಾಗದಲ್ಲಿ ಸ್ಟೀಲ್ ರಿವೆಟ್, ಅವನ್ನು ಯಂತ್ರದಿಂದ ಹೊಡೆದರು. ಮುಂಭಾಗದ ಬಾಗಿದ ತಗಡುಗಳ ಹತ್ತಿರ ಯಂತ್ರ ಹೋಗುವುದಿಲ್ಲ, ಅಲ್ಲಿ ಕೈಯಿಂದ ಹೊಡೆದ ಕಬ್ಬಿಣದ ರಿವೆಟ್. ಮುಳುಗಿದ ಹಡಗಿನಿಂದ ತಂದ ಕೆಲವು ರಿವೆಟ್‌ಗಳನ್ನು ಪರೀಕ್ಷೆ ಮಾಡಿದಾಗ ಕಬ್ಬಿಣದೊಳಗೆ ಉಳಿದ ಕಿಟ್ಟ, ಅಂದರೆ ಅದಿರಿನ ಕಸ, ಇರಬೇಕಾದ್ದಕ್ಕಿಂತ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ಅಂಥ ರಿವೆಟ್‌ನ ತಲೆ ಎಳೆತಕ್ಕೆ ಹಾರಿಹೋಗುತ್ತದೆ, ತಗಡಿನ ಸೇರುವೆ ಬಿಚ್ಚಿಕೊಳ್ಳುತ್ತದೆ. 1912ರ ಏಪ್ರಿಲ್ 14ರ ರಾತ್ರಿ ಮಂಜುಗಡ್ಡೆ ತಾಗಿದ್ದು ಆ ಮುಂಭಾಗಕ್ಕೇ. ಬಿಟ್ಟ ಸಂದಿಗಳನ್ನೆಲ್ಲ ಕೂಡಿಸಿದರೂ ಸುಮಾರು 12 ಚದರ ಅಡಿ, ಮನೆ ಬಾಗಿಲಿಗಿಂತ ಚಿಕ್ಕದು. ಆದರೆ ಸಂದಿಗಳು ಉದ್ದಕ್ಕೂ ಹರಡಿದ್ದವು, ಒಂದರ ಪಕ್ಕ ಒಂದು ಕೋಣೆ ತುಂಬುತ್ತಾ ಹೋಯಿತು. 2 ಗಂಟೆ 40 ನಿಮಿಷದಲ್ಲಿ ಮುಳುಗಿತು. ರಿವೆಟ್ ಒಂದೇ ಕಾರಣ ಅಂತ ಹೇಳಲಾರೆ. ವೇಗವೂ ಇತ್ತು, ಕೋಣೆಗಳ ನಡುವಿನ ಗೋಡೆ ಸಾಕಷ್ಟು ಎತ್ತರ ಇರಲಿಲ್ಲ. ಅದೇ ನಮೂನೆಯ ಒಲಿಂಪಿಕ್ ಹಡಗು 1935ರವರೆಗೂ ಓಡಾಡಿತು. ಆದರೂ ಅಪ್ಪನ ಕೆಳಗಿರುವ ಬೋಲ್ಟ್ ಯಾವ ಲೋಹದ್ದು ಅಂತ ಗೊತ್ತಿಲ್ಲದೆ ನಾನು ಇನ್ನು ಮಲಗಲಾರೆ.

ಇಲ್ಲಿ ದರ ಜಾಸ್ತಿ. ಉದ್ದದ ಬೋಲ್ಟ್ ಬೇಕಾದರೆ ಎರಡು ದಿನ ಮೊದಲೇ ಹೇಳಬೇಕು. ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾದ ಮೇಲೆ, ಎಲ್ಲರ ರಿಪೇರಿಯೂ ಒಟ್ಟಿಗೆ ಬಂದು, ನಿಲ್ಲಲೂ ಜಾಗ ಇರುವುದಿಲ್ಲ. ಆದರೆ ಪ್ರತಿ ಬೋಲ್ಟಿನ ತಲೆ ತೋರಿಸಿಯೇ ಕೊಡುತ್ತಾರೆ. ಸ್ಟೀಲ್ ನಟ್ಟು ಎಳೆಗೆ ಕಚ್ಚಿಕೊಳ್ಳಬಾರದು ಅಂತ ಗ್ರೀಸ್ ಹಚ್ಚುವುದನ್ನೂ ಹೇಳಿಕೊಟ್ಟರು. ಫೈಬರ್ ಬೋಟಿನವರು ಮೇ ತಿಂಗಳಲ್ಲೇ ಹೋಗಿ. ಹಳೆಯ ಬೋಲ್ಟ್ ಒಂದನ್ನು ಬಿಚ್ಚಿ ಜೊತೆಗೆ ಒಯ್ಯಿರಿ, ವಾಷರ್ ಸಮೇತ.