ಮೂರು ವರ್ಷ ಬಳಸಿದ ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್

ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡ್ ಮಾಡೋಕೆ ಮೂರು ವರ್ಷದಿಂದ ಗಿಟಾರ್ ಸಿಗ್ನಲ್ ಅನ್ನು ಲ್ಯಾಪ್‌ಟಾಪ್‌ಗೆ ಕಳಿಸೋ ಇದೇ ಪುಟ್ಟ ಯುಎಸ್‌ಬಿ ಡಬ್ಬಿ. ನನಗೆ ಬಿಡುವು ಸಿಗೋದು ರಾತ್ರಿ ಹತ್ತರ ಮೇಲೆ. ಆಗ ಆಂಪ್ ಆನ್ ಮಾಡಿದರೆ ಮನೆಯವರು ನನ್ನನ್ನೂ ಆಂಪನ್ನೂ ಒಟ್ಟಿಗೆ ಹೊರಗೆ ಹಾಕುತ್ತಾರೆ. ಹಾಗಾಗಿ ಗಿಟಾರ್ ನೇರ ಇದಕ್ಕೆ, ಕಿವಿಗೆ ಹೆಡ್‌ಫೋನ್, ಆಂಪ್ ಸದ್ದೆಲ್ಲ ಪ್ಲಗಿನ್‌ನಲ್ಲಿ, ಅಂದರೆ ಲ್ಯಾಪ್‌ಟಾಪ್‌ನ ಸಾಫ್ಟ್‌ವೇರ್‌ನಲ್ಲಿ.

ಮೊದಲ ತಿಂಗಳು ಬೈದುಕೊಂಡೇ ಬಳಸಿದೆ. ಗಿಟಾರ್ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಕೇಳುತ್ತಿತ್ತು. ಪ್ಲಗಿನ್ ಬದಲಿಸಿದೆ, ತಂತಿ ಬದಲಿಸಿದೆ, ಕೇಬಲ್ ಕೂಡ ಬದಲಿಸಿದೆ. ಕೊನೆಗೆ ನೋಡಿದರೆ ಮುಂದೆಯೇ ಇರುವ 'ಇನ್‌ಸ್ಟ್' (ಇನ್‌ಸ್ಟ್ರುಮೆಂಟ್) ಬಟನ್ ಒತ್ತಿರಲೇ ಇಲ್ಲ! ಗಿಟಾರ್ ಪಿಕಪ್‌ಗೆ, ಅಂದರೆ ತಂತಿಯ ಕಂಪನ ಹಿಡಿಯೋ ಕಾಯಿಲ್‌ಗೆ, 1 ಮೆಗಾಓಮ್ ಆಸುಪಾಸಿನ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡೋ ತಡೆ) ಇರೋ ಇನ್‌ಪುಟ್ ಬೇಕು. ಬಟನ್ ಒತ್ತದಿದ್ದರೆ ಸಿಗೋ ಲೈನ್ ಇನ್‌ಪುಟ್‌ನಲ್ಲಿ ಅದು ತುಂಬಾ ಕಡಿಮೆ, ಪಿಕಪ್ ಮೇಲೆ ಹೊರೆ ಬಿದ್ದು ಟ್ರೆಬಲ್ ಸತ್ತೇಹೋಗುತ್ತೆ.

ಗೇನ್, ಅಂದರೆ ಒಳಬರೋ ಸಿಗ್ನಲ್ ಎಷ್ಟು ಏರಿಸೋದು ಅನ್ನೋ ವಿಷಯದಲ್ಲೂ ಆಸೆ ಜಾಸ್ತಿ ಇತ್ತು. ಈಗ ಜೋರಾಗಿ ಬಾರಿಸಿದಾಗ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಇಟ್ಟುಕೊಳ್ಳುತ್ತೇನೆ. ಸೊನ್ನೆ ದಾಟಿದರೆ ಸದ್ದು ಒಡೆಯುತ್ತೆ, 24 ಬಿಟ್ ರೆಕಾರ್ಡಿಂಗ್‌ನಲ್ಲಿ ಅಷ್ಟು ಧಾರಾಳ ಸಾಕು.

ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ತೆಗೆದುಕೊಳ್ಳೋ ಸ್ಯಾಂಪಲ್‌ಗಳ ಸಂಖ್ಯೆ, 512 ಇಟ್ಟರೆ ಪಿಕ್ ತಾಗಿದ ಮೇಲೆ ಸ್ವರ ಯೋಚನೆ ಮಾಡಿ ಬರುತ್ತೆ. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48 ಸಾವಿರ ಸ್ಯಾಂಪಲ್) 128 ಇಟ್ಟರೆ ಬಫರ್‌ನ ತಡ 2.7 ಮಿಲಿಸೆಕೆಂಡ್ ಅಷ್ಟೇ. ಹೋಗಿ ಬರೋದೆಲ್ಲ ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು, ಆದರೆ ಕೈಗೆ ಗೊತ್ತಾಗಲ್ಲ. ಮಿಕ್ಸ್ ಮಾಡುವಾಗ ಮತ್ತೆ ಏರಿಸುತ್ತೇನೆ, ಇಲ್ಲದಿದ್ದರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತೆ.

ನನ್ನದು ಸಿಂಗಲ್ ಕಾಯಿಲ್ ಪಿಕಪ್‌ನ ಗಿಟಾರ್, ಗುಂಯ್‌ಗುಡೋದು ಅದರ ಹುಟ್ಟುಗುಣ. ಅದಕ್ಕೆ ಡಬ್ಬಿಯನ್ನು ದೂರಿ ಫಲವಿಲ್ಲ. ಕುರ್ಚಿಯನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಒಂದು ಕಡೆ ಸದ್ದು ತಟ್ಟನೆ ಇಳಿಯುತ್ತೆ. ನನ್ನ ಕೋಣೆಯಲ್ಲಿ ಅದು ಬೀರುವಿನ ಕಡೆ. ಹಾಗಾಗಿ ಸ್ಕ್ರೀನ್‌ಗೆ ಬೆನ್ನು ಹಾಕಿ ನುಡಿಸುತ್ತೇನೆ.

ಡಬ್ಬಿಯದ್ದೇ ತಪ್ಪು ಅಂದರೆ ಹೆಡ್‌ಫೋನ್ ನಾಬ್. ಎರಡನೇ ವರ್ಷವೇ ಕರಕರ ಶುರು, ಆಮೇಲೆ ಎಡಕಿವಿ ಪೂರ್ತಿ ಮಾಯ. ಸರ್ವಿಸ್‌ನವರು ಬೋರ್ಡ್ ಬದಲಿಸಬೇಕು ಅಂದರು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ತಿರುಗಿಸಿದೆ, ಸರಿಹೋಯಿತು. ಆದರೂ ಇಷ್ಟು ಬೇಗ ಹೀಗಾಗಬಾರದಿತ್ತು, ಅಲ್ವಾ?

ಪ್ಲಗಿನ್ ತಾಗದ ನೇರ ಸಿಗ್ನಲ್ ಹಾಗೇ ರೆಕಾರ್ಡ್ ಆಗಿ ಉಳಿಯುತ್ತಲ್ಲ, ಅದಕ್ಕೇ ಇದನ್ನು ಬಿಟ್ಟಿಲ್ಲ. ಮೊದಲ ವರ್ಷ ಮಿತಿಮೀರಿ ಡಿಸ್ಟಾರ್ಷನ್ ಹಾಕಿ ಕೆಡಿಸಿದ್ದ ಹಾಡನ್ನು ಹೋದ ತಿಂಗಳು ಮತ್ತೆ ತೆರೆದೆ. ಆಂಪ್ ಪ್ಲಗಿನ್ ಬದಲಿಸಿ ಡ್ರೈವ್ ಅರ್ಧಕ್ಕೆ ಇಳಿಸಿದೆ. ಒಂದು ಸ್ವರವನ್ನೂ ಮತ್ತೆ ನುಡಿಸಲಿಲ್ಲ.